ಗಾಳಿಯ ದಾರಿ ನೋಡದೆ ಹೆಡ್ ಬಿಚ್ಚುವವರು

ಏರ್‌ಕೂಲ್ ಡೀಸೆಲ್ ಇಂಜಿನ್ನು ವಿಪರೀತ ಕಾದಾಗ ನಮ್ಮ ಕಡೆ ನಡೆಯುವ ರಿಪೇರಿಗೆ ಒಂದು ರೂಢಿಯ ಕ್ರಮವಿದೆ. ಮೊದಲು ಆಯಿಲ್ ಬದಲಿಸು. ಕಾವು ಇಳಿಯದಿದ್ದರೆ ನಾಝಲ್ ತೋರಿಸು. ಅದಕ್ಕೂ ಜಗ್ಗದಿದ್ದರೆ ಹೆಡ್ ಬಿಚ್ಚು. ಬಿಚ್ಚಿದ ಮೇಲೆ ರಿಂಗು, ಪಿಸ್ಟನ್ನು ಹೇಗೂ ಬರುತ್ತವೆ. ಗಾಳಿ ಹೋಗುವ ದಾರಿಯನ್ನು ನೋಡುವುದು ಕಟ್ಟಕಡೆಗೆ, ಎಷ್ಟೋ ಸಲ ನೋಡುವುದೇ ಇಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಬ್ಬು, ಗೋವಿನಜೋಳದ ಸೀಮೆಯಲ್ಲಿ ಪವರ್ ವೀಡರ್, ರಾಶಿ ಮಷೀನು, ಹೊಳೆದಂಡೆಯ ಪಂಪು, ಹಳೆಯ ಐಷರ್ ಟ್ರ್ಯಾಕ್ಟರು ಹೀಗೆ ಹಲವು ರೂಪದಲ್ಲಿ ಈ ಇಂಜಿನ್ನು ದುಡಿಯುತ್ತದೆ. ಅದರ ಕಾವಿಗೆ ನಾವು ಮಾಡುವ ಮದ್ದು ಮಾತ್ರ ಬೇರೆ ಜಾತಿಯ ಇಂಜಿನ್ನಿನಿಂದ ಕಲಿತದ್ದು.

ಆ ಬೇರೆ ಜಾತಿ ಯಾವುದೆಂದರೆ ನೀರಿನ ಇಂಜಿನ್ನು. ರಾಜಕೋಟದಿಂದ ಬಂದ, ನಿಮಿಷಕ್ಕೆ 650 ಸುತ್ತಿನ ಲಿಸ್ಟರ್ ಮಾದರಿಯ ಇಂಜಿನ್ನುಗಳು. ಪುಣೆಯಲ್ಲಿ 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್‌ನವು. (ಕಿರ್ಲೋಸ್ಕರ್ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ, ಆ ಲೆಕ್ಕದಲ್ಲಿ ಅದು ನಮ್ಮ ಮನೆಯ ಇಂಜಿನ್ನೇ.) ಪಂಪು ಎತ್ತಿದ ನೀರಿನಲ್ಲೇ ಒಂದು ಸಣ್ಣ ಪಾಲು ಇಂಜಿನ್ನಿನ ಮೈ ಸುತ್ತಿ ತೆಳು ಪೈಪಿನಿಂದ ಹೊರಗೆ ಬೀಳುತ್ತಿತ್ತು. ರೈತ ಆ ನೀರಿಗೆ ಕೈ ಒಡ್ಡಿದರೆ ಸಾಕು, ಒಳಗಿನ ಸುದ್ದಿ ತಿಳಿಯುತ್ತಿತ್ತು. ನೀರು ನಿಂತರೆ ಆವಿ ಏಳುತ್ತಿತ್ತು. ಏರ್‌ಕೂಲ್ ಇಂಜಿನ್ನಿಗೆ ಈ ಬಾಯಿ ಇಲ್ಲ. ಅದರಲ್ಲಿ ಕುದಿಯಲು ನೀರಿಲ್ಲ, ಸೋರಲೂ ನೀರಿಲ್ಲ. ಶಕ್ತಿ ಕುಂದಿ, ಹೆಡ್ಡಿನ ಬಣ್ಣ ಕಂದಿ, ಕರಕಲು ವಾಸನೆ ಬರುವ ಹೊತ್ತಿಗೆ ರಿಂಗು ಹಿಡಿದುಕೊಂಡಿರುತ್ತದೆ.

ಆದರೂ ನಾವು ಕೈಯನ್ನೇ ನಂಬುತ್ತೇವೆ. ‘ಮುಟ್ಟಾಕ ಆಗವಲ್ದ್ರೀ, ಭಾಳ ಕಾದೈತಿ’ ಎಂಬುದು ಗ್ಯಾರೇಜಿನಲ್ಲಿ ಹೇಳುವ ಮೊದಲ ದೂರು. ಈ ದೂರಿಗೆ ಬೆಲೆಯಿಲ್ಲ. ರೇಡಿಯೇಟರ್ ಇರುವ ನೀರಿನ ಇಂಜಿನ್ನಿನಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿಯದರ ಹೆಡ್ 150 ಡಿಗ್ರಿ ದಾಟಿದರೂ ಅದು ಅದರ ಸಹಜ ಸ್ಥಿತಿ. 150ಕ್ಕೂ 230ಕ್ಕೂ ಇರುವ ವ್ಯತ್ಯಾಸವನ್ನು ಯಾವ ಅಂಗೈಯೂ ಹೇಳದು, ಎರಡೂ ಸುಡುತ್ತವೆ. ಇದಕ್ಕಿಂತ ಬೆರಳ ತುದಿಯಿಂದ ಒಂದು ಹನಿ ನೀರು ಚಿಮುಕಿಸಿ ನೋಡುವ ಮಿಸ್ತ್ರಿಯ ಉಪಾಯ ಮೇಲು. ಹನಿ ಅಲ್ಲೇ ಚುರ್ ಎಂದು ಆರಿದರೆ ಒಂದು ಅರ್ಥ, ಆರದೆ ಮಣಿಯಂತೆ ಉರುಳಾಡಿದರೆ ಕಾವು 200 ಡಿಗ್ರಿಯನ್ನು ಚೆನ್ನಾಗಿಯೇ ದಾಟಿದೆ ಎಂದರ್ಥ. ಒರಟು ಅಳತೆ, ಆದರೂ ಅಳತೆ. ಇದೇ ಬುದ್ಧಿ ಅತಿಯಾಗಿ ಇಡೀ ತಂಬಿಗೆ ನೀರು ಸುರಿಯುವವರೂ ಇದ್ದಾರೆ; ಕಾದ ಬೀಡು ಕಬ್ಬಿಣ ಅಲ್ಲೇ ಬಿರುಕು ಬಿಡುತ್ತದೆ. ಈಗ ದೂರದಿಂದಲೇ ಗುರಿಯಿಟ್ಟು ಉಷ್ಣಾಂಶ ತೋರಿಸುವ ಗನ್ನುಗಳು ಅಗ್ಗವಾಗಿ ಸಿಗುತ್ತವೆ. ಇಂಜಿನ್ನು ಚೆನ್ನಾಗಿರುವಾಗಲೇ ಹೆಡ್ಡಿನ ಒಂದು ಜಾಗಕ್ಕೆ ಗುರಿಯಿಟ್ಟು ಅಂಕಿ ಬರೆದಿಟ್ಟುಕೊಂಡರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕೆಟ್ಟ ಮೇಲೆ ಹಿಡಿದರೆ ಬರುವ ಅಂಕಿಯನ್ನು ಯಾವುದಕ್ಕೆ ಹೋಲಿಸುವುದು?

ಇನ್ನೊಂದು ನೆವ ಬಿಸಿಲು. ‘ಬ್ಯಾಸಗಿ ಐತಿ, ಕಾದೇ ಕಾಯ್ತೈತಿ.’ ಲೆಕ್ಕ ಹಾಕಿ ನೋಡಿ. ಹೆಡ್ 180 ಡಿಗ್ರಿಯಲ್ಲಿದೆ ಎನ್ನೋಣ. ಹೊರಗೆ 20 ಡಿಗ್ರಿಯಿದ್ದಾಗ ಎರಡರ ಅಂತರ 160. ಏಪ್ರಿಲ್‌ನ 40 ಡಿಗ್ರಿಯಲ್ಲಿ 140. ಕಳೆದುಕೊಂಡದ್ದು ಎಂಟರಲ್ಲಿ ಒಂದು ಪಾಲು. ರೇಡಿಯೇಟರಿನ ಇಂಜಿನ್ನಿನಲ್ಲಿ ಇದೇ ಅಂತರ 70ರಿಂದ 50ಕ್ಕೆ ಇಳಿಯುತ್ತದೆ, ಅಂದರೆ ಕಾಲು ಪಾಲಿಗೂ ಹೆಚ್ಚು. ಬಿಸಿಲಿನ ನಾಡಿಗೆ ಏರ್‌ಕೂಲೇ ವಾಸಿ ಎಂದಾಯಿತು. ಹಾಗಾದರೆ ತಪ್ಪು ಎಲ್ಲಿ? ಒಂದು ಡಬ್ಬಿ ನೀರು ಹೊರುವಷ್ಟು ಕಾವನ್ನು ಹೊರಲು ಸುಮಾರು ಮೂರೂವರೆ ಸಾವಿರ ಡಬ್ಬಿ ಗಾಳಿ ಬೇಕು. ಅಷ್ಟು ಗಾಳಿ ಹೆಡ್, ಸಿಲಿಂಡರಿನ ಮೈಮೇಲಿನ ತೆಳು ಪಟ್ಟಿಗಳಾದ ಫಿನ್ನುಗಳ ಇಕ್ಕಟ್ಟಾದ ಸಂದಿನಲ್ಲಿ ಎಡೆಬಿಡದೆ ನುಗ್ಗಬೇಕು. ಆ ಸಂದು ಅರ್ಧ ಮುಚ್ಚಿದರೂ ಬಿಸಿಲು ಮಾಡದ ಕೇಡನ್ನು ಅದು ಮಾಡುತ್ತದೆ.

ಸಂದು ಮುಚ್ಚುವ ಸಾಮಗ್ರಿಗೆ ಈ ನಾಲ್ಕು ತಾಲೂಕುಗಳಲ್ಲಿ ಬರವಿಲ್ಲ. ಎರಿ ಮಣ್ಣಿನ ಧೂಳು, ರಾಶಿ ಮಾಡುವಾಗಿನ ಹೊಟ್ಟು, ಕಬ್ಬಿನ ಒಣ ರವದಿ. ಬನಹಟ್ಟಿಯಲ್ಲಿ ಮಗ್ಗದ ಕೋಣೆಯ ಮಗ್ಗುಲಿಗೆ ಜನರೇಟರ್ ಇಟ್ಟರೆ ಹತ್ತಿಯ ಅರಳು. ಇವು ಒಣಗಿದ್ದಾಗ ಅಷ್ಟು ಅಪಾಯವಲ್ಲ. ನಾಝಲ್ಲಿನ ಬುಡದಲ್ಲೋ ಹೆಡ್ ಕವರಿನ ಪ್ಯಾಕಿಂಗಿನಲ್ಲೋ ಒಂದಿಷ್ಟು ಎಣ್ಣೆ ಜಿನುಗಿತೋ, ಧೂಳು ಗಿಲಾವಿನಂತೆ ಮೆತ್ತಿಕೊಂಡು ಕಾವಿಗೆ ಸುಟ್ಟು ಗಟ್ಟಿಯಾಗುತ್ತದೆ. ಅದೂ ಫ್ಯಾನಿನ ಗಾಳಿಯನ್ನು ಫಿನ್ನುಗಳತ್ತ ತಿರುಗಿಸುವ ತಗಡಿನ ಕವರಿನ ಒಳಗೆ, ಕಣ್ಣಿಗೆ ಬೀಳದ ಕಡೆ. ಎದೆಮಟ್ಟ ಬೆಳೆದ ಕಬ್ಬಿನ ಸಾಲಿನಲ್ಲಿ ವೀಡರ್ ಓಡಿಸುವಾಗ ಇನ್ನೊಂದು ತೊಂದರೆ: ಗಾಳಿಯಾಡದ ಆ ಇಕ್ಕಟ್ಟಿನಲ್ಲಿ ಇಂಜಿನ್ನು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ.

ನನ್ನ ಮಟ್ಟಿಗೆ ಈ ಪದ್ಧತಿಯ ಅತಿ ಕೆಟ್ಟ ಭಾಗ ಆ ತಗಡಿನ ಕವರನ್ನು ಕಿತ್ತು ಬಿಸಾಡುವುದು. ‘ತಗದ್ರ ಗಾಳಿ ಛಲೋ ಹೊಡಿತೈತಿ’ ಎಂಬ ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಫ್ಯಾನು ಎಸೆದ ಗಾಳಿ ಸುಲಭದ ದಾರಿ ಹಿಡಿದು ಆಚೆ ಈಚೆ ಚದುರುತ್ತದೆ. ಇಕ್ಕಟ್ಟಾದ ಫಿನ್ನುಗಳೊಳಗೆ ನುಗ್ಗುವ ಕಷ್ಟ ಅದಕ್ಕೇಕೆ? ಕವರು ಇದ್ದರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಇಲ್ಲದಿದ್ದರೆ ಫ್ಯಾನಿನ ಎದುರು ಇರುವ, ಗಾಳಿ ಬಿದ್ದ ಮಗ್ಗುಲು ತಣ್ಣಗಿದ್ದು ಹಿಂದಿನ ಮಗ್ಗುಲು ಕಾಯುತ್ತದೆ, ಸಿಲಿಂಡರು ದುಂಡಗೆ ಉಳಿಯದೆ ಸೊಟ್ಟಗಾಗುತ್ತದೆ. ಒಂದು ಬೋಲ್ಟು ಕಳೆದು ಕವರು ಅಲುಗಾಡಿದರೂ ಇದರ ಸಣ್ಣ ಆವೃತ್ತಿ ನಡೆಯುತ್ತದೆ. ಐಷರಿನಂಥ ಬೆಲ್ಟಿನ ಬ್ಲೋವರ್ ಇರುವಲ್ಲಿ ಬೆಲ್ಟು ಸಡಿಲಾದರೂ ಅದೇ ಕಥೆ.

ಗಾಳಿಯ ನಂತರ ನೋಡಬೇಕಾದದ್ದು ಹೊರೆ. ಇಲ್ಲಿ ನಮ್ಮ ನೀರಾವರಿಯ ಇತಿಹಾಸವೇ ಒಂದು ಸೋಜಿಗ ಒಡ್ಡುತ್ತದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ, ಬೆವರು ಹಾಕಿ ಚಿಕ್ಕಪಡಸಲಗಿಯಲ್ಲಿ ಕಟ್ಟಿದ ಬ್ಯಾರೇಜು 1989ರಲ್ಲಿ ನೀರು ಹಿಡಿಯಿತು. ಆಮೇಲೆ ಹಿಪ್ಪರಗಿ, ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು. ದಂಡೆಯ ಪಂಪಿಗೆ ನೀರು ಹತ್ತಿರ ಬಂತು. ನೀರು ಮೇಲೆ ಬಂದರೆ ಎತ್ತುವ ಶ್ರಮ ಕಡಿಮೆ, ಇಂಜಿನ್ನಿಗೆ ಆರಾಮ ಎಂದು ಯಾರಾದರೂ ಹೇಳುತ್ತಾರೆ. ಸೆಂಟ್ರಿಫ್ಯೂಗಲ್ ಪಂಪಿನ ಸ್ವಭಾವ ಇದಕ್ಕೆ ತಿರುಗಾಮುರುಗಾ. ಎತ್ತರ ಕಡಿಮೆಯಾದಂತೆ ಅದು ಹೆಚ್ಚು ನೀರು ತಳ್ಳುತ್ತದೆ, ಹೆಚ್ಚು ಶಕ್ತಿ ಕೇಳುತ್ತದೆ. ಬೇಸಿಗೆಯ ಆಳಕ್ಕೆ ಹೊಂದಿಸಿ ತಂದ ಪಂಪು ಹೊಳೆ ತುಂಬಿದಾಗ ಇಂಜಿನ್ನಿನ ಕತ್ತು ಹಿಡಿಯುತ್ತದೆ. ತಂಪು ಮಳೆಗಾಲದಲ್ಲಿ, ನೀರು ಕಾಲ ಬಳಿ ಇರುವಾಗ ಇಂಜಿನ್ನು ಕಾಯುವುದು ಏಕೆಂದು ತಿಳಿಯದೆ ನಾಝಲ್ ಬದಲಿಸಿದವರು ಇದನ್ನು ಓದಿ ಸಿಟ್ಟಾಗಬಹುದು. ಡೆಲಿವರಿ ವಾಲ್ವನ್ನು ಒಂದಷ್ಟು ಮುಚ್ಚಿದರೆ ಕೆಲಸ ಆಗುತ್ತಿತ್ತು. ರಾಶಿ ಮಷೀನಿನ ವೇಗ ಹೆಚ್ಚಲೆಂದು ಪುಲ್ಲಿ ಬದಲಿಸಿದ ಮೇಲೆ ಶುರುವಾಗುವ ಕಾವೂ ಇದೇ ಬಗೆಯದು.

ಕಂಪನಿಯ ಕೈಪಿಡಿಗಳ ಕೊನೆಯಲ್ಲಿರುವ ‘ತೊಂದರೆ, ಕಾರಣ, ಪರಿಹಾರ’ದ ಕೋಷ್ಟಕ ಇದಕ್ಕೆಲ್ಲ ಉತ್ತರ ಆಗಬೇಕಿತ್ತು. ಅದರಲ್ಲಿ ಸುಳ್ಳಿಲ್ಲ: ಫಿನ್ನು ಕಟ್ಟಿದೆ, ಆಯಿಲ್ ಕಡಿಮೆ, ಹೊರೆ ಹೆಚ್ಚು, ಏರ್ ಫಿಲ್ಟರ್ ಮುಚ್ಚಿದೆ, ಟೈಮಿಂಗ್ ತಪ್ಪಿದೆ. ಆದರೆ ಬ್ರಷ್ಷು ಸಾಕಾಗುವ ಕಾರಣಕ್ಕೂ ಡೀಸೆಲ್ ಪಂಪು ಬಿಚ್ಚಬೇಕಾದ ಕಾರಣಕ್ಕೂ ಅಲ್ಲಿ ಒಂದೇ ಸಾಲು, ಒಂದೇ ತೂಕ. ಮೊದಲು ಯಾವುದು, ಆಮೇಲೆ ಯಾವುದು ಎಂಬ ಮಾತಿಲ್ಲ. ಬರೆದವನ ಕಣ್ಣಮುಂದೆ ಪರೀಕ್ಷಾ ಕೋಣೆಯಿತ್ತು, ರವದಿ ಇರಲಿಲ್ಲ.

ಮಿಸ್ತ್ರಿಯನ್ನು ಹಳಿಯುವುದು ಸುಲಭ, ಪೂರ್ತಿ ನ್ಯಾಯವಲ್ಲ. ಟೈಮಿಂಗ್ ತಡವಾಗಿದೆ ಎಂಬುದನ್ನು ಸೈಲೆನ್ಸರಿನ ಸದ್ದಿನಲ್ಲಿ, ಹೊಗೆಯ ಬಣ್ಣದಲ್ಲಿ ಗುರುತಿಸುವ ಅವನ ಕಿವಿ, ಕಣ್ಣು ಕೋಷ್ಟಕಕ್ಕಿಂತ ಎಷ್ಟೋ ಮುಂದೆ. ಏರ್‌ಕೂಲ್ ಇಂಜಿನ್ನಿನಲ್ಲಿ ಕಾವಿನ ಒಂದು ದೊಡ್ಡ ಪಾಲನ್ನು ಆಯಿಲ್ಲೇ ಹೊರುವುದರಿಂದ ಅವನು ಮೊದಲು ಡಿಪ್‌ಸ್ಟಿಕ್ ಎಳೆಯುವುದರಲ್ಲೂ ಅರ್ಥವಿದೆ. ಗಾಳಿಯನ್ನು ಅವನು ಕಡೆಗಣಿಸುವುದಕ್ಕೆ ಕಾರಣ ಅವನ ದಡ್ಡತನವಲ್ಲ, ಸಂಭಾವನೆ. ಕವರು ಬಿಚ್ಚಿ, ಆರಿದ ಇಂಜಿನ್ನಿಗೆ ಡೀಸೆಲ್ ಸವರಿ, ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊರಬೀಳುವ ಕಡೆಯಿಂದ ಒಳಮುಖವಾಗಿ ಕಂಪ್ರೆಸರ್ ಹಿಡಿದು, ಎಲ್ಲ ಬೋಲ್ಟು ಕೂರಿಸಲು ಅರ್ಧ ದಿನ ಹೋಗುತ್ತದೆ. ಕೊನೆಗೆ ತೋರಿಸಲು ಒಂದು ಹಳೆಯ ಪಾರ್ಟೂ ಇರುವುದಿಲ್ಲ. ‘ಬರೇ ಧೂಳ ಝಾಡಿಸಿದ್ದಕ್ಕ ಇಷ್ಟ್ ರೊಕ್ಕ ಏನಪಾ?’ ಎಂದು ಕೇಳುವ ಗಿರಾಕಿಯೇ ಹೊಸ ಪಿಸ್ಟನ್ನಿನ ಬಿಲ್ಲನ್ನು ಚೌಕಾಸಿಯಿಲ್ಲದೆ ಕೊಡುತ್ತಾನೆ.