ಉಂಡದ್ದು ಕೂಲಿಯಲ್ಲ

ಗಿರಾಕಿಯ ಸೋಗಿನಲ್ಲಿ ಅಂಗಡಿ, ಹೋಟೆಲು ಪರೀಕ್ಷಿಸಿ ಏಜೆನ್ಸಿಗೆ ರಿಪೋರ್ಟ್ ಕೊಡುವ ಮಿಸ್ಟರಿ ಶಾಪರ್‌ಗೆ ಮಾಲಿನ ಪಾರ್ಕಿಂಗ್ ಚೀಟಿಯ ದುಡ್ಡು ವಾಪಸು ಸಿಗುತ್ತದೆಯೇ ಎಂಬುದಕ್ಕೆ ಈ ವಾರ ಉತ್ತರಿಸುವುದಾಗಿ ಈ ಅಂಕಣ ಮಾತು ಕೊಟ್ಟಿತ್ತು. ಉತ್ತರ ಚಿಕ್ಕದು. ಅಸೈನ್‌ಮೆಂಟಿನ ಸೂಚನೆಯಲ್ಲಿ ಬರೆದಿದ್ದರೆ ಸಿಗುತ್ತದೆ, ಇಲ್ಲದಿದ್ದರೆ ಕೈಬಿಟ್ಟಂತೆ. ಉಳಿದ ಜಾಗ ಹಳೆಯ ಜಗಳವೊಂದಕ್ಕೆ ಮೀಸಲು.

ಪುಣೆಯ ಮಿಸ್ಟರಿ ಶಾಪರ್‌ಗಳಲ್ಲಿ ಎರಡು ಪಂಗಡ. ಮೊದಲನೆಯದು ಬಿಟ್ಟಿ ಊಟದ ಪಂಗಡ. ಕೋರೆಗಾಂವ್ ಪಾರ್ಕಿನಲ್ಲಿ ಗಂಡ ಹೆಂಡತಿ ಉಂಡು ಬರುತ್ತಾರೆ. ಊಟಕ್ಕೆ ಹೆಚ್ಚೆಂದರೆ 1,200 ರೂಪಾಯಿ ವಾಪಸು, 400 ಫೀ, ಒಟ್ಟು 1,600 ದುಡಿದೆವು ಎಂದು ಲೆಕ್ಕ ಬರೆಯುತ್ತಾರೆ. ಉಂಡೂ ಬಂದೆವು, ಕೊಂಡೂ ಬಂದೆವು ಎಂಬ ಹಿಗ್ಗು ಬೇರೆ. ಎರಡನೆಯ ಪಂಗಡಕ್ಕೆ ಫೀ ಮಾತ್ರ ದುಡಿಮೆ. ಈ ಅಂಕಣ ಯಾವ ಕಡೆಗೆಂದು ಹಳೆಯ ಓದುಗರಿಗೆ ಹೇಳಬೇಕಿಲ್ಲ.

ಅದೇ 400 ಮತ್ತು 1,200ನ್ನೇ ತೆಗೆದುಕೊಂಡು ನೋಡೋಣ. ಸ್ಟಾರ್ಟರ್, ಎರಡು ಮೇನ್ ಕೋರ್ಸ್, ಒಂದು ಸಿಹಿ ತರಿಸಲೇಬೇಕೆಂದು ಸೂಚನೆ. ಊಟದ ಬೆಲೆ 1,240, ಅದರ ಮೇಲೆ 5% ಜಿಎಸ್‌ಟಿ 62, ಬಿಲ್ಲು 1,302. ಮಿತಿ ಮೀರಿದ 102 ರೂಪಾಯಿ ಶಾಪರ್ ಕಿಸೆಯದು. ಕೋಥ್ರೂಡಿನವರು ವಿಮಾನನಗರದ ಮಾಲಿಗೆ ಆಟೊ ಹಿಡಿದರೆ ಫೀ ದಾರಿಯಲ್ಲೇ ಕರಗಿತು. ವನಾಜ್‌ನಿಂದ ರಾಮವಾಡಿಗೆ ಮೆಟ್ರೊ, ಅಲ್ಲಿಂದ ಆಟೊ ಎಂದು ಹೋಗಿಬರುವುದಕ್ಕೆ 120 ಇಟ್ಟರೂ ಉಳಿಯುವುದು 178. ಊಟಕ್ಕೆ ಒಂದೂವರೆ ಗಂಟೆ, ರಿಪೋರ್ಟಿಗೆ ಎರಡು, ಎಡಿಟರ್ ಕೇಳುವ ಮರುಪ್ರಶ್ನೆಗಳಿಗೆ ಅರ್ಧ. ಪ್ರಯಾಣದ ಹೊತ್ತು ಬಿಟ್ಟೂ ಗಂಟೆಗೆ 45 ರೂಪಾಯಿ ಗಿಟ್ಟಲಿಲ್ಲ. ಅದೂ ಕೈಗೆ ಬರಲು ತಿಂಗಳೋ ಎರಡು ತಿಂಗಳೋ ಕಾಯಬೇಕು, ಅಷ್ಟು ದಿನ ಏಜೆನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟವನು ಶಾಪರ್. ವೇಟರ್ ಎದೆಯ ಮೇಲಿನ ಹೆಸರು ನೋಡಲು ಮರೆತು ರಿಪೋರ್ಟ್ ತಿರಸ್ಕೃತವಾದರೆ ಫೀಯೂ ಇಲ್ಲ, ಊಟದ ದುಡ್ಡೂ ಇಲ್ಲ.

ಇನ್ನು ತೆರಿಗೆ. ಬಿಲ್ಲಿಗೆ ಸರಿಯಾಗಿ ವಾಪಸು ಬಂದದ್ದು ಶಾಪರ್‌ನ ಸ್ವಂತ ದುಡ್ಡೇ, ಅದರಲ್ಲಿ ಲಾಭವಿಲ್ಲ. ಏಜೆನ್ಸಿ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆಯಾದ ಟಿಡಿಎಸ್‌ನ ದಾರಿ ಮಾತ್ರ ಬೇರೆ. ಕೇಂದ್ರ ನೇರ ತೆರಿಗೆ ಮಂಡಳಿ 1995ರ ಆಗಸ್ಟ್ 8ರಂದು ಹೊರಡಿಸಿದ 715ನೇ ಸುತ್ತೋಲೆ ಪ್ರಶ್ನೋತ್ತರದ ರೂಪದಲ್ಲಿದೆ. ಬಿಲ್ಲಿನ ಮೊತ್ತದಿಂದ ಖರ್ಚಿನ ಭಾಗವನ್ನು ಕಳೆದು ಟಿಡಿಎಸ್ ಹಿಡಿಯುವಂತಿಲ್ಲ ಎಂದು 30ನೇ ಉತ್ತರ ಹೇಳುತ್ತದೆ. ಖರ್ಚಿಗೆ ಪ್ರತ್ಯೇಕ ಬಿಲ್ಲು ಕೊಟ್ಟಿದ್ದರೆ ಅದರ ಮೇಲೆ ಟಿಡಿಎಸ್ ಬೇಡ ಎಂದು ಆಮೇಲೆ ನ್ಯಾಯಮಂಡಳಿ, ಕೋರ್ಟುಗಳು ಹಲವು ಪ್ರಕರಣಗಳಲ್ಲಿ ಹೇಳಿದವು. ಅಂದರೆ ಗುಟ್ಟೆಲ್ಲ ಇನ್‌ವಾಯ್ಸಿನಲ್ಲಿದೆ. ವೃತ್ತಿಪರ ಶುಲ್ಕವೆಂದು ಹಿಡಿದರೆ ದರ 10%. ಒಂದೇ ಏಜೆನ್ಸಿಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದ ಮೇಲೆ ಅದು ಶುರು. 2025ರ ಏಪ್ರಿಲ್‌ಗೆ ಮುಂಚೆ ಈ ಗಡಿ 30,000 ಇತ್ತು. ಊಟ, ಫೀ ಕೂಡಿಸಿ 1,600 ಎಂದು ಒಟ್ಟಿಗೆ ಬರೆದವರು 32ನೇ ಭೇಟಿಗೇ ಗಡಿ ದಾಟುತ್ತಾರೆ. 400 ಮಾತ್ರ ಫೀ ಎಂದು ಬೇರೆ ಬರೆದವರು ದಾಟುವುದು 126ನೆಯದಕ್ಕೆ. ಬಿಟ್ಟಿ ಊಟದ ಪಂಗಡಕ್ಕೆ ಇಲ್ಲಿ ಊಟದ ಮೇಲೂ ತೆರಿಗೆ ಕಟ್!

ಏಜೆನ್ಸಿ ಇದನ್ನೇ ಕಂಟ್ರಾಕ್ಟ್ ಕೆಲಸವೆಂದು ತೋರಿಸಿದರೆ ವ್ಯಕ್ತಿಗಳಿಗೆ 1%. ಪ್ಯಾನ್ ಕೊಡದಿದ್ದರೆ 20%. ವೃತ್ತಿಪರ ಶುಲ್ಕಕ್ಕೆ 194ಜೆ ಎಂದು ಬಾಯಿಪಾಠವಾಗಿದ್ದ ಕಲಮು 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ 393ರೊಳಗೆ ಸೇರಿಹೋಗಿದೆ. ಕಡಿತವಾದದ್ದು ಕಳೆದುಹೋದದ್ದಲ್ಲ. ತೆರಿಗೆ ಬೀಳದಷ್ಟು ಕಡಿಮೆ ಆದಾಯದ ವಿದ್ಯಾರ್ಥಿಗಳು, ಗೃಹಿಣಿಯರು ರಿಟರ್ನ್ ಸಲ್ಲಿಸಿದರೆ ವಾಪಸು ಬರುತ್ತದೆ, ಸಲ್ಲಿಸದಿದ್ದರೆ ಇಲ್ಲ.

ತೆರಿಗೆಯ ಮಾತು ಸಾಕು. ಸೋಗು ಹಾಕಿ ಬೇಹು ನೋಡುವ ಈ ಕಸುಬಿನ ಸಂಬಳದ ಬಗ್ಗೆ ಎಲ್ಲರಿಗಿಂತ ಮೊದಲು ಯೋಚಿಸಿದವರಲ್ಲಿ ಕೌಟಿಲ್ಯನೊಬ್ಬ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ ಐದನೇ ಅಧಿಕರಣದಲ್ಲಿ ಗೂಢಚಾರರ ವೇತನದ ಪಟ್ಟಿಯಿದೆ. ವಿದ್ಯಾರ್ಥಿ, ಸಂನ್ಯಾಸಿ, ಗೃಹಸ್ಥ, ವರ್ತಕರ ವೇಷದವರಿಗೆ 1,000 ಪಣ. ಭಿಕ್ಷುಕಿಯ ವೇಷದವಳಿಗೆ 500. ಚಾರರನ್ನು ಅತ್ತಿತ್ತ ನಡೆಸುವವರಿಗೆ 250, ಇಲ್ಲವೇ ಪಟ್ಟ ಶ್ರಮಕ್ಕೆ ತಕ್ಕಂತೆ ಹೆಚ್ಚು. ವರ್ತಕವೇಷಕ್ಕೆ ಅವನು ಆರಿಸಿದ್ದು ವ್ಯಾಪಾರದಲ್ಲಿ ಸೋತವನನ್ನು, ಆದರೆ ಬುದ್ಧಿಯೂ ಪ್ರಾಮಾಣಿಕತೆಯೂ ಇದ್ದವನನ್ನು. ಊಟ ಹಾಕಿಸಿದ್ದೇ ಸಂಬಳ ಎಂಬ ಜಾಣತನ ಆ ಪಟ್ಟಿಯಲ್ಲಿಲ್ಲ. ಕೋಥ್ರೂಡಿನವನಿಗೂ ಲೋಣಾವಳದವರೆಗೆ ಓಡುವವನಿಗೂ ಒಂದೇ ಫೀ ಕೊಡುವ ಏಜೆನ್ಸಿಗಳು ಆ ಶ್ರಮದ ಮಾತನ್ನಾದರೂ ಓದಬಹುದು.

ನಮ್ಮ ಕರಾವಳಿಯವರಿಗೆ ಈ ರಗಳೆಯೇ ಬೇಕಾಗಿರಲಿಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಯನ್ನು ಕಟ್ಟಿದ ಜಗನ್ನಾಥ ಶೆಟ್ಟರ ಪೀಳಿಗೆಯ ಹೋಟೆಲುಗಳಲ್ಲಿ ಗಲ್ಲಾದ ಮೇಲೆ ಧಣಿಯ ಕಣ್ಣಿರುತ್ತಿತ್ತು. ಸಾಂಬಾರು ತಣ್ಣಗಿದೆಯೆಂದು ಹೇಳಲು ಬಾಡಿಗೆ ಗಿರಾಕಿ ಬೇಕಿರಲಿಲ್ಲ. ಧಣಿ ದೂರದ ಊರಿನಲ್ಲಿ ಕೂತು ನೂರು ಶಾಖೆ ನಡೆಸುವ ಕಡೆ ಮಾತ್ರ ಈ ಕೆಲಸಕ್ಕೆ ಬೆಲೆ.

ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ಶಾಪಿಂಗ್ ಕೆಲಸ ಎಂದು ವಾಟ್ಸಾಪಿನಲ್ಲಿ ಬರುವವರನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅದು ಮೋಸ, ಅಷ್ಟೇ.

ಈ ವರ್ಷದ ಇನ್‌ವಾಯ್ಸುಗಳನ್ನು ಒಮ್ಮೆ ತೆರೆದು, ಫೀಗೆ ಒಂದು ಬಿಲ್ಲು, ಖರ್ಚಿಗೆ ಇನ್ನೊಂದು ಎಂದಿದೆಯೇ ನೋಡಿಕೊಳ್ಳಿ. ಹೋಟೆಲಿನ ಬಿಲ್ಲುಗಳ ಫೋಟೊ ಇವತ್ತೇ ತೆಗೆದಿಡಿ. ಥರ್ಮಲ್ ಕಾಗದದ ಅಕ್ಷರ ರಿಟರ್ನ್ ಸಲ್ಲಿಸುವ ಹೊತ್ತಿಗೆ ಮಾಸಿರುತ್ತದೆ.