ಸೋಂಕಿನ ನೆಪ

ತೂಕ ಕಡಿಮೆಯಿರುವ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೆತ್ತವರನ್ನು ಬಾಗಿಲಾಚೆ ನಿಲ್ಲಿಸುವುದೇ ಸರಿ ಎಂದು ಬಹಳ ಜನ ನಂಬಿದ್ದಾರೆ. "ಒಳಗ ಬಂದ್ರ ಕೂಸಿಗೆ ನಂಜಾಗತೈತಿ, ಹೊರಗ ಕುಂಡ್ರವ್ವ" ಅಂದರೆ ಯಾವ ತಾಯಿ ಎದುರಾಡುತ್ತಾಳೆ? ಮನೆಯಲ್ಲೂ ಅದೇ ತೀರ್ಪು: ಹಸಿ ಬಾಣಂತಿ ಗಾಳಿಗೆ ಏಳಬಾರದು. ದವಾಖಾನೆಯೂ ಅಜ್ಜಿಯೂ ಒಂದೇ ಮಾತಾಡುವುದು ಅಪರೂಪ. ಇಲ್ಲಿ ಇಬ್ಬರೂ ಕೂಡಿಯೇ ತಪ್ಪುತ್ತಾರೆ.

ಸೋಂಕಿನ ಭಯ ಸುಳ್ಳಲ್ಲ. ಆದರೆ ಸಿಸ್ಟರ್ ಒಂದು ಪಾಳಿಯಲ್ಲಿ ಹಲವು ಕೂಸುಗಳನ್ನು ಮುಟ್ಟಬೇಕು, ತಾಯಿ ಮುಟ್ಟುವುದು ತನ್ನದೊಂದನ್ನೇ. ಕೈ ತೊಳೆಯುವುದನ್ನು ಕಲಿಸಿದರೆ ಯಾರ ಕೈ ಹೆಚ್ಚು ಅಪಾಯದ್ದು? ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1ರಿಂದ 1.8 ಕಿಲೋ ತೂಕದ 3,211 ಶಿಶುಗಳು ಅದರಲ್ಲಿದ್ದವು. ಒಂದು ಗುಂಪಿನಲ್ಲಿ ತಾಯಿಗೆ ಶಿಶು ನಿಗಾ ಘಟಕದೊಳಗೇ ಮಂಚ ಕೊಟ್ಟು, ಹುಟ್ಟಿದ ಹೊಸತರಲ್ಲೇ ಕೂಸನ್ನು ಎದೆಗಪ್ಪಿಸಿದರು. ಇನ್ನೊಂದರಲ್ಲಿ ಕೂಸು ಸುಧಾರಿಸಲಿ ಎಂದು ಕಾದರು. 28 ದಿನಗಳೊಳಗೆ ಕಾದ ಗುಂಪಿನಲ್ಲಿ ನೂರಕ್ಕೆ 15.7 ಶಿಶುಗಳು ತೀರಿಕೊಂಡರೆ ಅಪ್ಪಿಕೊಂಡದ್ದರಲ್ಲಿ 12. ಸೋಂಕಿನ ಶಂಕೆಯೂ ಕಡಿಮೆಯೇ ಇತ್ತು. ಲಾಭ ಇಷ್ಟು ಸ್ಪಷ್ಟವಾದ ಮೇಲೆ ಉಳಿದವರಿಗೆ ಅದನ್ನು ತಪ್ಪಿಸುವುದು ಸರಿಯಲ್ಲವೆಂದು ಪ್ರಯೋಗವನ್ನೇ ಅರ್ಧಕ್ಕೆ ನಿಲ್ಲಿಸಿದರು. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆ ಹೆತ್ತವರಿಗೆ ತರಬೇತಿ ಕೊಟ್ಟು ಒಳಗೆ ಬಿಟ್ಟಾಗಲೂ ಸೋಂಕು ಹೆಚ್ಚಲಿಲ್ಲ. ಹೀಗೆ ಆರೈಕೆಯಲ್ಲಿ ಹೆತ್ತವರು ಪಾಲ್ಗೊಳ್ಳುವುದಕ್ಕೆ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಹಾಗಿದ್ದರೆ ತಾಯಂದಿರಿಗೆ ತಿಳಿವಳಿಕೆ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ನನ್ನ ತಕರಾರು ಇವರ ಮೇಲೇ ಹೆಚ್ಚು. ಹಾವೇರಿ ಜಿಲ್ಲೆಯ ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರಿನಂಥ ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೆ ಸರ್ಕಾರ ಗೊತ್ತುಮಾಡಿರುವುದು ಶಿಶುವನ್ನು ಸ್ಥಿರಗೊಳಿಸುವ ಸಣ್ಣ ಘಟಕ. ತೀರಾ ಬಳಲಿದ ಕೂಸು ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕು. ಸಿಸೇರಿಯನ್ ಆದ ತಾಯಿ, ಹೊಲಿಗೆ ಹಸಿಯಿರುವಾಗ, ಇಲ್ಲೇ ಮಂಚದ ಮೇಲೆ ಉಳಿದರೆ 108 ಆಂಬುಲೆನ್ಸ್‌ನಲ್ಲಿ ಹೋಗುವುದು ಕೂಸು ಮತ್ತು ಅಪ್ಪ. ಹಾವೇರಿಯಲ್ಲಿ ಬಾಗಿಲು ತೆರೆದಿದ್ದರೂ ಹಿರೇಕೆರೂರಿನಲ್ಲಿರುವವಳಿಗೆ ಏನು ಬಂತು? ಅವಳಿಗೆ ಬೇಕಾದದ್ದು ಉಪದೇಶವಲ್ಲ, ಅದೇ ಗಾಡಿಯಲ್ಲಿ ಜಾಗ, ಅಲ್ಲೊಂದು ಮಂಚ, ಊಟ, ಹೊಲಿಗೆ ನೋಡುವ ಡಾಕ್ಟರು. ಅವಳು ಬರುವ ತನಕ ಅಪ್ಪನ ಎದೆಯಾದರೂ ಇದೆ, ಅದೂ ಬೆಚ್ಚಗೇ ಇರುತ್ತದೆ. ಆದರೆ ಬಿತ್ತನೆಯ ಹೊತ್ತಿನಲ್ಲಿ ಅವನ ಕೂಲಿ ತುಂಬಿಕೊಡುವವರು ಯಾರು?

ಇನ್ನೊಂದು ಅನುಮಾನವೂ ಇದೆ. ಸಿಸ್ಟರ್‌ಗಳು ಸಾಲದ ಕಡೆ 'ಪಾಲ್ಗೊಳ್ಳುವಿಕೆ' ಬಿಟ್ಟಿ ಚಾಕರಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ. ಅಪ್ಪಿಕೊಳ್ಳುವುದು, ಹಾಲೂಡುವುದು, ಬಟ್ಟೆ ಬದಲಿಸುವುದು ಮನೆಯವರದು. ಉಸಿರಾಟ ತಪ್ಪಿದ್ದನ್ನು ಗುರುತಿಸುವ ಹೊಣೆ ದವಾಖಾನೆಯದೇ.

ಪರಿಶೀಲನಾ ಸಭೆಯಲ್ಲಿ ಕೂಸನ್ನು ಬೆಚ್ಚಗಿಡುವ ವಾರ್ಮರ್ ಎಷ್ಟು ಎಂದು ಕೇಳುವ ಅಧಿಕಾರಿಗಳು, ಈ ನಾಲ್ಕು ತಾಲ್ಲೂಕುಗಳಿಂದ ಬಂದ ಕೂಸುಗಳ ಸಂಗಡ ಅದೇ ದಿನ ಎಷ್ಟು ತಾಯಂದಿರು ಬಂದರು ಎಂದೂ ಕೇಳಲಿ.