ಮೂರು ಪ್ಲಗ್ಗಿನ ಅಡುಗೆಮನೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಕಟ್ಟೆ ಒಡೆಸಿದೆವು. ಮೇಸ್ತ್ರಿ ಹತ್ತು ದಿನ ಅಂದಿದ್ದರು, ಮುಗಿದದ್ದು ಇಪ್ಪತ್ತಾರನೆಯ ದಿನ. ಅಷ್ಟೂ ದಿನ ಸಿಲಿಂಡರು ಬಾಲ್ಕನಿಯಲ್ಲಿ, ಒಲೆ ಗೋಣಿಚೀಲದಲ್ಲಿ. ಹಾಲಿನ ಊಟದ ಮೇಜಿನ ಮೇಲೆ ಇಂಡಕ್ಷನ್ ಒಲೆ, ಅನ್ನ ಮಾಡುವ ಕರೆಂಟಿನ ಕುಕ್ಕರು, ಕೆಟಲು, ಮಿಕ್ಸಿ ಸಾಲಾಗಿ ಕೂತವು. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದು ಡಬ್ಬಿಯಲ್ಲೇ ಉಳಿದಿದ್ದ ಏರ್ ಫ್ರೈಯರನ್ನೂ ಅಟ್ಟದಿಂದ ಇಳಿಸಿದೆವು. ಮನೆಯಲ್ಲಿ ನಾಲ್ಕು ಜನ. ತುಮಕೂರು ಕಡೆಯ ಅಮ್ಮನಿಗೆ ರಾತ್ರಿ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ.

‘ಉರೀನೇ ಕಾಣಲ್ಲ, ಇದರಲ್ಲಿ ಏನು ಬೇಯುತ್ತೆ?’ ಅಂದರು ಅಮ್ಮ, ಇಂಡಕ್ಷನ್ನಿನ ಕಪ್ಪು ಗಾಜು ಮುಟ್ಟಿ ನೋಡುತ್ತ.

ಬೆಂಗಳೂರಿನ ಒಂಟಿ ಕೋಣೆಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ದಿನವೂ ಹೀಗೇ ಉಣ್ಣುತ್ತಾರೆ. ನಾವು ಮಾಡಿದ್ದು ಹೊಸದೇನಲ್ಲ. ಆದರೆ ‘ನಾಲ್ಕು ಯಂತ್ರ ಇದ್ದರೆ ಗ್ಯಾಸೇ ಬೇಡ, ಖರ್ಚೂ ಅರ್ಧ’ ಎಂಬ ಮಾತು ಈಚೆಗೆ ಎಲ್ಲರ ಬಾಯಲ್ಲೂ ಇದೆ. ಇಪ್ಪತ್ತಾರು ದಿನ ಅದರಲ್ಲೇ ಬೇಯಿಸಿ ಉಂಡ ಮೇಲೆ ಆ ಮಾತನ್ನು ಒರೆಗೆ ಹಚ್ಚುವ ಹಕ್ಕು ನನಗೂ ಬಂದಿದೆ ಅಂದುಕೊಂಡಿದ್ದೇನೆ.

ಮೊದಲು ಒಂದು ಆಮಿಷವನ್ನು ಪಕ್ಕಕ್ಕಿಡಬೇಕು. ಬೇರೆ ಬೇರೆ ಯಂತ್ರ ಏಕೆ, ಎಲ್ಲ ಮಾಡುವ ಒಂದೇ ಯಂತ್ರ ಕೊಳ್ಳಬಾರದೇ? ಕೆನಡಾದ ರಾಬರ್ಟ್ ವಾಂಗ್ ಮತ್ತು ಅವರ ಜೊತೆಗಾರರು 2010ರಲ್ಲಿ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ಪಾಟ್ ಈ ಆಸೆಯ ದೊಡ್ಡ ಹೆಸರು. ಪ್ರೆಶರ್ ಕುಕ್ಕರು, ಅನ್ನದ ಪಾತ್ರೆ, ಹಬೆಪಾತ್ರೆ, ಮೊಸರು ಹೆಪ್ಪಾಗುವ ಪಾತ್ರೆ ಎಲ್ಲ ಒಂದರಲ್ಲೇ. ಯಂತ್ರ ಒಳ್ಳೆಯದೇ. ನಮ್ಮ ಊಟಕ್ಕೆ ಮಾತ್ರ ಒಗ್ಗದು. ಅದು ಏಳು ಕೆಲಸ ಮಾಡುವುದು ನಿಜ, ಆದರೆ ಒಂದಾದ ಮೇಲೆ ಒಂದು. ನಮ್ಮ ತಟ್ಟೆಗೆ ಅನ್ನ, ಹುಳಿ, ಪಲ್ಯ ಮೂರೂ ಬಿಸಿಯಾಗಿ ಒಟ್ಟಿಗೆ ಬರಬೇಕು. ಅನ್ನ ತೆಗೆದು, ಪಾತ್ರೆ ತೊಳೆದು, ಬೇಳೆಗಿಟ್ಟು, ಮತ್ತೆ ತೊಳೆದು ಪಲ್ಯಕ್ಕಿಡುವ ಹೊತ್ತಿಗೆ ಅನ್ನ ಆರಿರುತ್ತದೆ. ಒಂದೇ ಬಟ್ಟಲಲ್ಲಿ ಊಟ ಮುಗಿಸುವ ಊರಿನ ಯಂತ್ರ ಅದು. ಬಿಸಿಬೇಳೆ ಬಾತ್ ಮಾಡುವ ದಿನ ನಮಗೂ ಆದೀತು.

ಅದಕ್ಕೇ, ಒಂದೊಂದೇ ಕೆಲಸ ಬಲ್ಲ ಸಣ್ಣ ಯಂತ್ರಗಳ ಜೋಡಣೆಯೇ ನಮಗೆ ಸರಿ. ಅವುಗಳಲ್ಲಿ ನನ್ನ ಮೆಚ್ಚುಗೆ ಪೂರ್ತಿ ಸಲ್ಲುವುದು ಅನ್ನದ ಕುಕ್ಕರಿಗೆ.

ಅದರ ಒಳಪಾತ್ರೆ ಎತ್ತಿ ನೋಡಿ. ಕಾಯುವ ತಟ್ಟೆಯ ನಟ್ಟನಡುವೆ ಒಂದು ಗುಂಡಿ ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಅದರೊಳಗೆ ಅಯಸ್ಕಾಂತವಿದೆ. ಪಾತ್ರೆಯಲ್ಲಿ ನೀರಿರುವ ತನಕ ತಳದ ಶಾಖ ಕುದಿಬಿಂದು ದಾಟುವುದಿಲ್ಲ. ಅಕ್ಕಿ ನೀರನ್ನೆಲ್ಲ ಹೀರಿದ ಕೂಡಲೇ ಶಾಖ ಏರುತ್ತದೆ, ನೂರು ಡಿಗ್ರಿಯಿಂದ ಸ್ವಲ್ಪ ಮೇಲೆ ಹೋದೊಡನೆ ಆ ಅಯಸ್ಕಾಂತದ ಸೆಳೆತ ಸತ್ತುಹೋಗುತ್ತದೆ, ಸ್ಪ್ರಿಂಗು ಗೆಲ್ಲುತ್ತದೆ, ‘ಟಕ್’. ಕಂಪ್ಯೂಟರಿಲ್ಲ, ಗಡಿಯಾರವಿಲ್ಲ. ಜಪಾನಿನ ತೋಶಿಬಾ 1955ರಲ್ಲಿ ಮೊದಲ ಸ್ವಯಂಚಾಲಿತ ಕುಕ್ಕರು ಮಾರಿದಾಗ ಉಪಾಯ ಇನ್ನೂ ಸರಳವಾಗಿತ್ತು. ಎರಡು ಪಾತ್ರೆ, ಹೊರಗಿನದರಲ್ಲಿ ಅಳೆದ ಒಂದು ಲೋಟ ನೀರು. ಆ ನೀರು ಆವಿಯಾಗಿ ಮುಗಿಯುವುದಕ್ಕೂ ಒಳಗೆ ಅನ್ನ ಆಗುವುದಕ್ಕೂ ಲೆಕ್ಕ ಸರಿ. ಅದನ್ನು ರೂಪಿಸಿದವರು ಯೋಶಿತಾದ ಮಿನಾಮಿ. ಮನೆಯಲ್ಲಿ ಮತ್ತೆ ಮತ್ತೆ ಅನ್ನ ಬೇಯಿಸಿ ಹದ ಕಂಡುಹಿಡಿದವರು ಅವರ ಹೆಂಡತಿ ಫುಮಿಕೊ.

ಅಳೆದ ನೀರೇ ಗಡಿಯಾರ ಎಂಬ ಆ ಹಳೆಯ ಉಪಾಯ ಇಂದಿನ ಕುಕ್ಕರಿನಲ್ಲೂ ಕೆಲಸಕ್ಕೆ ಬರುತ್ತದೆ. ತಳಕ್ಕೆ ನೀರು ಹಾಕಿ ಮೇಲಿನ ತೂತಿನ ತಟ್ಟೆಯಲ್ಲಿ ತಟ್ಟೆ ಇಡ್ಲಿಯನ್ನೋ ಹಲಸಿನೆಲೆ ಕೊಟ್ಟೆಯನ್ನೋ ಇಟ್ಟರೆ, ನೀರು ಮುಗಿದಾಗ ಅದೇ ‘ಟಕ್’. ಎಷ್ಟು ನೀರಿಗೆ ಎಷ್ಟು ನಿಮಿಷ ಎಂಬುದು ನಿಮ್ಮ ಕುಕ್ಕರಿನ ವಾಟು, ಮುಚ್ಚಳದ ಬಿಗಿ ಎರಡನ್ನೂ ಅವಲಂಬಿಸಿದೆ. ಎರಡು ದಿನ ಇಡ್ಲಿ ಅರೆಬೆಂದರೆ ಮೂರನೆಯ ದಿನ ಲೋಟದ ಅಳತೆ ಕೈಗೆ ಕೂರುತ್ತದೆ. ಅಮೆರಿಕದ ಚಿತ್ರವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ಈ ಕುಕ್ಕರಿನ ಮೇಲೆಯೇ ಒಂದು ಪುಸ್ತಕ ಬರೆದ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ಅಷ್ಟರಲ್ಲಿ ಅವನು ಬಾಯಿಯಿಂದ ಏನನ್ನೂ ತಿನ್ನಲಾರದವನಾಗಿದ್ದ. ತಿನ್ನಲಾಗದವನನ್ನೂ ಬರೆಯಲು ಹಚ್ಚಿದ ಪಾತ್ರೆ ಬೇರೆ ಯಾವುದಿದೆಯೋ ನನಗೆ ಗೊತ್ತಿಲ್ಲ.

ಆದರೆ ಅದರಲ್ಲಿ ಬೇಳೆ ಬೇಯಿಸಲು ಹೋಗಬೇಡಿ. ತೊಗರಿಬೇಳೆಯ ನೊರೆ ಮುಚ್ಚಳದ ತೂತಿನಿಂದ ಉಕ್ಕಿ ಮೇಜೆಲ್ಲ ಹಳದಿಯಾಗುತ್ತದೆ. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಸೀಟಿ ಹೊಡೆಯದ ಪಾತ್ರೆಯಲ್ಲಿ ಬೇಳೆ ಹಣ್ಣಾಗುವುದು ನಿಧಾನ. ಇನ್ನು ‘ವಾರ್ಮ್’ ಗುಂಡಿಯಲ್ಲಿ ಹಾಲಿಗೆ ಹೆಪ್ಪು ಹಾಕುವ ಸಲಹೆ ಯಾರಾದರೂ ಕೊಟ್ಟರೆ ನಕ್ಕು ಸುಮ್ಮನಾಗಿ. ಆ ಬಿಸಿ ಅರವತ್ತು ಡಿಗ್ರಿ ದಾಟುತ್ತದೆ, ಹೆಪ್ಪೇ ಸಾಯುತ್ತದೆ. ಹೆಪ್ಪಿಗೂ ಇಡ್ಲಿ ಹಿಟ್ಟು ಹುದುಗು ಬರುವುದಕ್ಕೂ ಬೇರೆಯೇ ಜೋಡಿ ಇದೆ. ಕೆಟಲಿನಿಂದ ಒಂದು ದೊಡ್ಡ ಲೋಟ ಕುದಿನೀರು ಬಗ್ಗಿಸಿ, ಸ್ವಿಚ್ಚು ಹಾಕದ ಮೈಕ್ರೋವೇವಿನೊಳಗೆ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟು ಬಾಗಿಲು ಹಾಕಿ. ಡಿಸೆಂಬರಿನ ಚಳಿಯಲ್ಲೂ ಬೆಳಗ್ಗೆ ಹಿಟ್ಟು ಉಬ್ಬಿರುತ್ತದೆ.

ಕೆಟಲು ಈ ಜೋಡಣೆಯ ಆಳು ಇದ್ದ ಹಾಗೆ. 1,500 ವಾಟಿನ ಕೆಟಲು ಒಂದು ಲೀಟರ್ ನೀರನ್ನು ನಾಲ್ಕು ನಿಮಿಷದ ಆಸುಪಾಸಿನಲ್ಲಿ ಕುದಿಸುತ್ತದೆ. ಕರೆಂಟು ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ಆ ನೀರನ್ನು ಅಕ್ಕಿಗೆ ಸುರಿದರೆ ಅನ್ನ ಏಳೆಂಟು ನಿಮಿಷ ಬೇಗ ಆಗುತ್ತದೆ, ಬೇಳೆಗೆ ಸುರಿದರೆ ಸೀಟಿ ಬೇಗ ಬರುತ್ತದೆ. ನೀರು ಕಾಯಿಸುವುದಷ್ಟೇ ಅದರ ಧರ್ಮ. ಹಾಸ್ಟೆಲ್ಲಿನ ಮಕ್ಕಳು ಅದರಲ್ಲೇ ಮ್ಯಾಗಿ, ಮೊಟ್ಟೆ, ಹಾಲು ಎಲ್ಲ ಮಾಡುತ್ತಾರೆ. ಕೆಟಲು ತನ್ನಷ್ಟಕ್ಕೆ ಆರುವುದು ಆವಿ ಹೋಗಿ ಹಿಡಿಕೆಯ ಸ್ವಿಚ್ಚಿಗೆ ತಾಗಿದಾಗ. ಹಾಲು ಅದಕ್ಕೆ ಮುಂಚೆಯೇ ಮೂತಿಯಿಂದ ಹೊರಗೆ ಬಂದಿರುತ್ತದೆ. ತಳಕ್ಕೆ ಸೀದು ಹಿಡಿದ ಹಾಲಿನ ವಾಸನೆ ಆಮೇಲೆ ಮೂರು ತಿಂಗಳು ಕಾಫಿಯಲ್ಲಿ ಬರುತ್ತದೆ.

ಇಂಡಕ್ಷನ್ನಿನ ವಿಚಾರಕ್ಕೆ ಬಂದರೆ ನನ್ನ ತೀರ್ಪು ಎರಡು ಹೋಳು. ಬೇಳೆಯ ಕುಕ್ಕರಿಗೆ ಅದಕ್ಕೆ ಸಾಟಿಯಿಲ್ಲ. ಶಾಖ ಹುಟ್ಟುವುದೇ ಪಾತ್ರೆಯ ತಳದಲ್ಲಿ, ಆದ್ದರಿಂದ ಸುತ್ತಮುತ್ತ ಪೋಲಾಗುವುದು ಕಡಿಮೆ. (ಅಲ್ಯೂಮಿನಿಯಂ ಕುಕ್ಕರು ನಡೆಯದು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತ ತೆಗೆದು ಪಾತ್ರೆಯ ತಳಕ್ಕೆ ಹಿಡಿಯಿರಿ, ಕಚ್ಚಿಕೊಂಡರೆ ಸರಿ.) ಆದರೆ ಸಣ್ಣ ಉರಿ ಅನ್ನುವುದು ಅಗ್ಗದ ಇಂಡಕ್ಷನ್ನಿಗೆ ಗೊತ್ತೇ ಇಲ್ಲ. ಕಡಿಮೆಗೆ ಇಟ್ಟರೆ ಅದು ಮೆಲ್ಲಗೆ ಉರಿಯುವುದಿಲ್ಲ. ಒಂದಿಷ್ಟು ಹೊತ್ತು ಜೋರಾಗಿ ಉರಿದು, ಒಂದಿಷ್ಟು ಹೊತ್ತು ಆರಿ, ಮತ್ತೆ ಜೋರಾಗುತ್ತದೆ. ಶಾವಿಗೆ ಪಾಯಸ ತಳ ಹಿಡಿದದ್ದು ಹೀಗೆ.

ಅದು ನಿಜವಾಗಿ ಸೋತದ್ದು ಒಗ್ಗರಣೆಯಲ್ಲಿ. ನಮ್ಮ ಕಬ್ಬಿಣದ ಒಗ್ಗರಣೆ ಸೌಟಿನ ತಳ ದುಂಡು, ಅಂಗೈಯಷ್ಟೇ ಅಗಲ. ಇಟ್ಟರೆ ಒಲೆ ಅದನ್ನು ಪಾತ್ರೆ ಎಂದೇ ಒಪ್ಪದೆ ಪೀಂ ಪೀಂ ಎಂದು ಕೂಗಿತು. ಚಪ್ಪಟೆ ತಳದ ಸ್ಟೀಲು ಬಾಣಲೆ ಇಟ್ಟೆ. ಒಲೆಯೊಳಗಿನ ಸುರುಳಿ ಬಳೆಯಂತೆ ದುಂಡಗಿದೆಯಲ್ಲ, ಶಾಖವೂ ಬಳೆಯಂತೆಯೇ ಬಂತು. ಅಂಚಿನ ಸಾಸಿವೆ ಸಿಡಿದು ಗೋಡೆ ಸೇರಿತು, ನಡುವಿನ ಸಾಸಿವೆ ಅಲುಗಲಿಲ್ಲ. ಅದು ಸಿಡಿಯಲಿ ಎಂದು ಕಾದರೆ ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗಿ ಮನೆಯವರೆಲ್ಲ ಕೆಮ್ಮಿದರು. ಆಮೇಲೆ ಬಾಣಲೆಯನ್ನು ಓರೆ ಮಾಡಿ ಎಣ್ಣೆಯನ್ನು ಒಂದು ಕಡೆಗೆ ತರುವುದನ್ನು ಕಲಿತೆ. ಆದರೆ ಜಾಸ್ತಿ ಓರೆ ಮಾಡಿದರೆ ಮತ್ತೆ ಪೀಂ ಪೀಂ. ಬದನೆಕಾಯಿ ಸುಡುವುದು, ಜೋಳದ ರೊಟ್ಟಿಯನ್ನು ಕೆಂಡಕ್ಕೋ ಉರಿಗೋ ಹಿಡಿದು ಉಬ್ಬಿಸುವುದು, ಗುಂಡುತಳದ ಬಾಣಲೆಗೆ ಅಕ್ಕಿರೊಟ್ಟಿ ತಟ್ಟುವುದು ಇವೆಲ್ಲ ಅದರ ಹಣೆಯಲ್ಲಿ ಬರೆದಿಲ್ಲ.

ಮುದ್ದೆ ಮಾತ್ರ ನನ್ನ ನಿರೀಕ್ಷೆ ಸುಳ್ಳು ಮಾಡಿತು. ಕೆಟಲಿನ ಕುದಿನೀರು ಸ್ಟೀಲು ಪಾತ್ರೆಗೆ, ಪಾತ್ರೆ ಇಂಡಕ್ಷನ್ನಿಗೆ, ಹಿಟ್ಟು ನಡುವೆ ಗೋಪುರದಂತೆ. ಹಿಟ್ಟು ಬೆಂದ ಮೇಲೆ ಗಾಜಿನ ಮೇಲೆ ಕೋಲು ಒತ್ತುವ ಹಾಗಿಲ್ಲ, ಒಡೆದೀತು. ಅಮ್ಮ ಪಾತ್ರೆಯನ್ನು ನೆಲಕ್ಕಿಳಿಸಿ, ಎರಡು ಪಾದಗಳ ನಡುವೆ ಬಟ್ಟೆ ಸುತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ತಿರುವಿದರು. ‘ಊರಲ್ಲೂ ಹಿಂಗೇ ತಾನೆ ತಿರುವ್ತಿದ್ದಿದ್ದು’ ಅಂದರು. ಗಂಟಿಲ್ಲದ ಮುದ್ದೆ.

ಮಿಕ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದಿಲ್ಲದ ಮನೆಯಿಲ್ಲ. ಒಂದೇ ಮಾತು: ಗಟ್ಟಿ ರುಬ್ಬುವಾಗ ಅದು ನಿಂತುಹೋದರೆ ರಿಪೇರಿ ಅಂಗಡಿಗೆ ಓಡುವ ಮುಂಚೆ ತಿರುಗಿಸಿ ತಳ ನೋಡಿ. ಕೆಂಪು ಗುಂಡಿಯೊಂದು ಹೊರಗೆ ಬಂದಿರುತ್ತದೆ. ಆರಲು ಬಿಟ್ಟು ಒತ್ತಿದರೆ ಬಹಳ ಸಲ ಅಷ್ಟೇ ಸಾಕು.

ಏರ್ ಫ್ರೈಯರು ಹೆಸರಿನಲ್ಲೇ ಸುಳ್ಳಾಡುತ್ತದೆ. ಅದು ಕರಿಯುವುದಿಲ್ಲ. ಫ್ಯಾನು ಜೋರಾಗಿರುವ ಪುಟ್ಟ ಒವನ್ನು ಅದು, ಅಷ್ಟೆ. ಕಡಲೆಬೀಜ ಚೆನ್ನಾಗಿ ಹುರಿಯಿತು, ಆಲೂಗಡ್ಡೆ ಗರಿಗರಿ ಆಯಿತು, ತಣ್ಣಗಾದ ಮದ್ದೂರು ವಡೆಗೆ ಮರುಜೀವ ಬಂತು. ಬೋಂಡಾ ಹಾಕಿದರೆ ಹಿಟ್ಟು ಜಾಳಿಗೆಯಿಂದ ಕೆಳಗಿಳಿಯಿತು. ಪೇಪರ್ ಅವಲಕ್ಕಿ ಹಾಕಿದೆ. ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ತಾಗಿ ಹೊಗೆ ಬಂತು. ನಾಲ್ಕು ಜನರ ಮನೆಗೆ ಅದರ ಬುಟ್ಟಿಯೂ ಚಿಕ್ಕದು.

ಈ ಜೋಡಣೆಯ ಗುಣದೋಷ ನಿರ್ಧಾರವಾಗುವುದು ಯಂತ್ರಗಳಲ್ಲಿ ಅಲ್ಲ, ಗೋಡೆಯ ಮೇಲೆ. ನಮ್ಮ ಹಾಲಿನಲ್ಲಿ ಇದ್ದದ್ದು ಮೂರು ಪ್ಲಗ್ಗು, ಮೂರೂ ಸಣ್ಣವು, ಆರು ಆಂಪಿಯರಿನವು. 230 ವೋಲ್ಟಿಗೆ ಅದು 1,380 ವಾಟು. ಇಂಡಕ್ಷನ್ ಕೇಳುವುದು 2,000. ಮೊದಲ ದಿನ ಅಂಗಡಿಯಿಂದ ತಂದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇಂಡಕ್ಷನ್, ಕೆಟಲು ಎರಡನ್ನೂ ಚುಚ್ಚಿದೆ. ಹತ್ತು ನಿಮಿಷಕ್ಕೆ ಮೀನಿನಂಥ ವಾಸನೆ. ಬಾಕ್ಸಿನ ಬಿಳಿ ಪ್ಲಾಸ್ಟಿಕ್ಕು ಒಂದು ಕಣ್ಣಿನ ಸುತ್ತ ಚಹಾ ಬಣ್ಣಕ್ಕೆ ತಿರುಗಿತ್ತು. ಕರೆಂಟಿನವರನ್ನು ಕರೆಸಿ ಕೋಣೆಯ ಏಸಿಗೆಂದು ಹಾಕಿಸಿದ್ದ ಪವರ್ ಪ್ಲಗ್ಗಿನ ಬಳಿಗೇ ಮೇಜು ಎಳೆದೆವು. ಅಲ್ಲಿಂದ ಮುಂದೆ ಒಂದು ಕಟ್ಟುಪಾಡು: ಕೆಟಲು, ಇಂಡಕ್ಷನ್ ಎರಡೂ ಅದೇ ಪ್ಲಗ್ಗಿಗೆ, ಒಂದು ಕಿತ್ತ ಮೇಲೆಯೇ ಇನ್ನೊಂದು. 700 ವಾಟಿನ ಅನ್ನದ ಕುಕ್ಕರು, ಮಿಕ್ಸಿ ಗೋಡೆಯ ಸಣ್ಣ ಪ್ಲಗ್ಗುಗಳಿಗೆ. ಮೊದಲು ಕೆಟಲು, ಅದರ ನೀರು ಅಕ್ಕಿಗೂ ಬೇಳೆಗೂ ಹಂಚಿದ ಮೇಲೆ ಇಂಡಕ್ಷನ್, ಅನ್ನದ ಮೇಲಿನ ತಟ್ಟೆಯಲ್ಲಿ ಹುರುಳಿಕಾಯಿ, ಸೀಟಿ ಇಳಿಯುವಷ್ಟರಲ್ಲಿ ಮಿಕ್ಸಿಯಲ್ಲಿ ಹುಳಿಗೆ ಕಾಯಿ ಮಸಾಲೆ. ಸರದಿ ಕೂಡಿಬಂದ ದಿನ ಮುಕ್ಕಾಲು ಗಂಟೆಯಲ್ಲಿ ಊಟ ಸಿದ್ಧ. ಏಳು ಕೆಲಸದ ಪಾತ್ರೆಯ ಸರದಿಯನ್ನು ಬೈದವನು ಇಲ್ಲಿ ಸರದಿಗೇ ಶರಣಾದೆ ಅಂತ ನೀವು ಆಡಿಕೊಳ್ಳಬಹುದು. ವ್ಯತ್ಯಾಸ ಇಷ್ಟೇ, ಇಲ್ಲಿ ಅನ್ನ ತನ್ನ ಪಾಡಿಗೆ ಬೇಯುತ್ತಿರುತ್ತದೆ.

ಖರ್ಚು ಅರ್ಧ ಎಂಬ ಮಾತು? ಅಲ್ಲ. 14.2 ಕೇಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖವಿದೆ. ಅದರಲ್ಲಿ ಪಾತ್ರೆಗೆ ಸೇರುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನೂರರ ಆಸುಪಾಸು. ಇಂಡಕ್ಷನ್ನಿನಲ್ಲಿ ಅಷ್ಟೇ ಕೆಲಸಕ್ಕೆ 115-120 ಯೂನಿಟ್ಟು ಬೇಕು. ಯೂನಿಟ್ಟಿಗೆ ತೆರಿಗೆ ಸೇರಿ ಆರೂವರೆ, ಏಳು ರೂಪಾಯಿ ಹಿಡಿದರೆ 800 ರೂಪಾಯಿ ಆಚೀಚೆ. ಬೆಂಗಳೂರಿನಲ್ಲಿ 2023ರ ಮಾರ್ಚಿನಲ್ಲಿ ಸಿಲಿಂಡರು 1,100 ದಾಟಿತ್ತು, ಮರುವರ್ಷ ಅದೇ ತಿಂಗಳು 800ರ ಹತ್ತಿರಕ್ಕೆ ಇಳಿಯಿತು. ಒಂದು ವರ್ಷ ಕರೆಂಟು ಗೆದ್ದರೆ ಇನ್ನೊಂದು ವರ್ಷ ಸಮಬಲ.

ಇದರ ಮೇಲೆ ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯ ಲೆಕ್ಕ. ಅದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪಕ್ಕೆ ಮಾತ್ರ ಉಚಿತ. ತಿಂಗಳಿಗೆ 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಒಂಟಿಯಾಗಿರುವವರಿಗೆ ಅನ್ನ, ಸಾರಿಗೆ ದಿನಕ್ಕೆ ಒಂದು ಯೂನಿಟ್ಟು ಸಾಕು, ಅವರಿಗೆ ಇದು ಲಾಭವೇ. ನಮ್ಮ ಮನೆಯ ಮಾಮೂಲು ಬಳಕೆ 140. ಆ ಇಪ್ಪತ್ತಾರು ದಿನ ದಿನಕ್ಕೆ ಎರಡೂವರೆ ಯೂನಿಟ್ಟು ಹೆಚ್ಚು ಓಡಿತು. ಮೀಟರಿನವರು ಕೊಟ್ಟ ಚೀಟಿಯಲ್ಲಿ 205 ಅಂತಿತ್ತು. ಐದು ಯೂನಿಟ್ಟು ದಾಟಿದ್ದಕ್ಕೆ, ನಿಗದಿತ ಶುಲ್ಕವೂ ಸೇರಿ, ಸಾವಿರದ ಎಂಟುನೂರರ ಹತ್ತಿರ ಕಟ್ಟಿದೆವು.

ಈಗ ಹೊಸ ಕಟ್ಟೆಯ ಮೇಲೆ ಗ್ಯಾಸು ಮರಳಿ ಬಂದಿದೆ, ಒಗ್ಗರಣೆ ಸೌಟೂ ಬಂದಿದೆ. ಅದರ ಪಕ್ಕ ಅನ್ನದ ಕುಕ್ಕರು ಮತ್ತು ಕೆಟಲು ಕಾಯಂ. ಇಂಡಕ್ಷನ್ ಮೂರನೆಯ ಒಲೆಯಾಗಿ ಬೇಳೆಗಷ್ಟೇ. ಗೋಡೆಗೆ ಎರಡು ಹದಿನಾರು ಆಂಪಿಯರಿನ ಪ್ಲಗ್ಗು, ಬೇರೆ ಬೇರೆ ವೈರಿನಲ್ಲಿ ಹಾಕಿಸಿದ್ದೇವೆ. ಯಂತ್ರ ಕೊಳ್ಳುವ ಮುಂಚೆ ನೀವೂ ಮೊದಲು ಗೋಡೆ ನೋಡಿ. ಏರ್ ಫ್ರೈಯರು ಮತ್ತೆ ಡಬ್ಬಿ ಸೇರಿ ಅಟ್ಟ ಹತ್ತಿದೆ. ಬೇಕಾದವರು ಬಂದು ಒಯ್ಯಬಹುದು.